ಮೈಸೂರು–ರಂಗನತಿಟ್ಟು–ಸಂಗಮ, ಒಂದು ದಿನದ ಸುತ್ತು: 36 ವೋಲ್ಟ್ ಇ-ಸೈಕಲ್ಲಿಗೆ ಬ್ಯಾಟರಿ ಸಾಕಾಗುತ್ತಾ?

ಒಂಟಿಕೊಪ್ಪಲ್_ಸವಾರಿ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ಇ-ಸೈಕಲ್ಲಿನಲ್ಲಿ ಹೊಳೆ ಬದಿ ಸುತ್ತು ಹಾಕುವ ಯೋಚನೆ ಇದೆ. ದಾರಿ ಹೀಗೆ: ಒಂಟಿಕೊಪ್ಪಲ್, ಕೆಆರ್‌ಎಸ್ ರಸ್ತೆ, ಬೆಳಗೊಳ, ಬಲಮುರಿ, ಪಾಲಹಳ್ಳಿ, ರಂಗನತಿಟ್ಟು, ಶ್ರೀರಂಗಪಟ್ಟಣ, ಗಂಜಾಂ, ಸಂಗಮ. ಆಗುವುದಾದರೆ ಕರಿಘಟ್ಟ ಬೆಟ್ಟವೂ ಸೇರಲಿ. ಸಂಜೆ ಕತ್ತಲಾಗುವುದರೊಳಗೆ ಮೈಸೂರಿಗೆ ವಾಪಸ್. ಕರಿಘಟ್ಟ ಸೇರಿದರೆ ಅಂದಾಜು 65 ಕಿ.ಮೀ.

ಸೈಕಲ್ ವಿವರ: ಹಿಂದಿನ ಚಕ್ರದಲ್ಲಿ 250 ವಾಟ್ ಗೇರ್ಡ್ ಹಬ್ ಮೋಟಾರ್ (ಚಕ್ರದ ಗುಂಬದೊಳಗೇ ಕೂರುವ, ಒಳಗೆ ಗೇರಿರುವ ಮೋಟಾರ್), 36 ವೋಲ್ಟ್ 10.4 ಆಂಪ್-ಅವರ್ ಬ್ಯಾಟರಿ (ಎರಡು ವರ್ಷ ಹಳೆಯದು), 2 ಆಂಪ್ ಚಾರ್ಜರ್, ಹಿಂದೆ 7 ಗೇರ್, 27.5 ಇಂಚಿನ ಟೈರು, ಮೆಕ್ಯಾನಿಕಲ್ ಡಿಸ್ಕ್ ಬ್ರೇಕು. ಸೈಕಲ್ 24 ಕೆ.ಜಿ., ಸವಾರ 72, ಬ್ಯಾಗು 6.

ಕಂಪನಿಯವರು ಪೆಡಲ್ ಅಸಿಸ್ಟ್‌ನಲ್ಲಿ (ತುಳಿಯುವಾಗ ಮೋಟಾರ್ ನೆರವು) 60 ಕಿ.ಮೀ. ಅಂತ ಬರೆದಿದ್ದಾರೆ. ಅದನ್ನು ನಂಬಿ ಹೊರಡಬಹುದಾ? ಅರ್ಧ ಬ್ಯಾಟರಿ ಹೋಗಲು, ಅರ್ಧ ಬರಲು ಅಂತ ಇಟ್ಟುಕೊಂಡರೆ ಸಾಕಾ? ಮಧ್ಯದಲ್ಲಿ ಎಲ್ಲಿ, ಎಷ್ಟು ಚಾರ್ಜ್ ಮಾಡಬೇಕು? ಎಕ್ಸ್‌ಪ್ರೆಸ್‌ವೇ ತಪ್ಪಿಸುವುದು ಹೇಗೆ? ಹಿಂಚಕ್ರ ಪಂಕ್ಚರ್ ಆದರೆ ಮೋಟಾರ್ ವೈರು ಬಿಚ್ಚಿ ಏನು ಮಾಡಬೇಕು ಅನ್ನುವುದೂ ಗೊತ್ತಿಲ್ಲ. ತಿಳಿದವರು ಹೇಳಿ.

---

ವಾಟ್_ಲೆಕ್ಕ:

ಕಿ.ಮೀ. ಲೆಕ್ಕ ಬಿಡಿ, ವಾಟ್-ಅವರ್ ಲೆಕ್ಕಕ್ಕೆ ಬನ್ನಿ. 36 × 10.4 ಅಂದರೆ ಹೊಸದಿದ್ದಾಗ 374 ವಾಟ್-ಅವರ್. ಎರಡು ವರ್ಷ ಓಡಿದ ಪ್ಯಾಕಿಗೆ 300 ಅಂತ ಹಿಡಿಯಿರಿ. ಕೊನೆಯ 15 ಶೇಕಡಾ ಮುಟ್ಟಬಾರದು (ಯಾಕೆ ಅಂತ ಕೆಳಗೆ ಯಾರಾದರೂ ಹೇಳಿಯಾರು). ನಿಮ್ಮ ಕೈಗೆ ಸಿಗುವುದು 255.

ಖರ್ಚು: ಸಪಾಟು ರಸ್ತೆ, ಗಾಳಿ ಇಲ್ಲ, ಅಸಿಸ್ಟ್ 1 (ಮೋಟಾರ್ ನೆರವಿನ ಅತಿ ಕಡಿಮೆ ಹಂತ), ನೀವೂ ನಿಜವಾಗಿ ತುಳಿಯುತ್ತಿದ್ದೀರಿ ಅಂದರೆ ಕಿ.ಮೀ.ಗೆ 4ರಿಂದ 5 ವಾಟ್-ಅವರ್. ಅಸಿಸ್ಟ್ 3ರಲ್ಲಿ 8ರಿಂದ 10. ಬರೀ ಥ್ರಾಟಲ್ ತಿರುಗಿಸಿ ಕೂತರೆ 12ರಿಂದ 15. ನಿಮ್ಮದು ಕೇಡೆನ್ಸ್ ಸೆನ್ಸರ್ ಇರುವ ಸೈಕಲ್ ಆಗಿದ್ದರೆ (ಈ ಬೆಲೆಯವೆಲ್ಲ ಸಾಮಾನ್ಯವಾಗಿ ಅದೇ) ಪೆಡಲ್ ತಿರುಗುತ್ತಿದೆಯಾ ಇಲ್ಲವಾ ಅಷ್ಟೇ ಅದಕ್ಕೆ ಗೊತ್ತಾಗುವುದು, ಎಷ್ಟು ಬಲ ಹಾಕಿದಿರಿ ಅನ್ನುವುದು ಗೊತ್ತಾಗುವುದಿಲ್ಲ. ಹಗುರ ಗೇರಿನಲ್ಲಿ ಸುಮ್ಮನೆ ಕಾಲಾಡಿಸಿದರೂ ಮೋಟಾರ್ ಪೂರ್ತಿ ಭಾರ ಹೊರುತ್ತದೆ. ಅದು ಪೆಡಲ್ ಅಸಿಸ್ಟ್ ವೇಷದ ಥ್ರಾಟಲ್. ಕಂಪನಿಯ 60 ಕಿ.ಮೀ. ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಈಗ ಮುಖ್ಯ ವಿಷಯ. ಅರ್ಧ-ಅರ್ಧ ಲೆಕ್ಕ ಈ ದಾರಿಗೆ ಹೊಂದುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀ., ಶ್ರೀರಂಗಪಟ್ಟಣ ಸುಮಾರು 680. ಹೋಗುವಾಗ ಕಾವೇರಿಯತ್ತ ಇಳಿಯುತ್ತೀರಿ, ದಣಿದು ವಾಪಸ್ ಬರುವಾಗ 90 ಮೀ. ಏರುತ್ತೀರಿ. 102 ಕೆ.ಜಿ.ಯನ್ನು 90 ಮೀ. ಎತ್ತಲು 25 ವಾಟ್-ಅವರ್ ಬೇಕು. ಮೋಟಾರಿನ ನಷ್ಟ ಸೇರಿಸಿ, ಅದೊಂದೇ ಹೊತ್ತರೆ 33. ಅದೇನೂ ದೊಡ್ಡದಲ್ಲ. ದೊಡ್ಡದು ಗಾಳಿ. ಶ್ರೀರಂಗಪಟ್ಟಣದಿಂದ ಮೈಸೂರು ನೈಋತ್ಯಕ್ಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದೂ ಆ ಕಡೆಯಿಂದಲೇ. 22 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಎದುರಿನಿಂದ 15 ಕಿ.ಮೀ. ಗಾಳಿ ಬಂದರೆ ಗಾಳಿಯ ತಡೆ ಸುಮಾರು ಮೂರು ಪಟ್ಟಾಗುತ್ತದೆ, ಒಟ್ಟು ಖರ್ಚು ಎರಡು ಪಟ್ಟು. ಆಷಾಢದಲ್ಲಿ ಇದೇ ಸುತ್ತು ಹಾಕಿದರೆ ಏರೂ ಎದುರುಗಾಳಿಯೂ ಒಟ್ಟಿಗೆ ಸಿಗುತ್ತವೆ, ಅದೂ ಬ್ಯಾಟರಿ ತಳ ಕಂಡಿರುವ ಹೊತ್ತಿಗೆ. ನೀವು ಡಿಸೆಂಬರ್ ಆರಿಸಿದ್ದು ಒಳ್ಳೆಯದಾಯಿತು. ಆಗ ಗಾಳಿ ಪೂರ್ವ-ಈಶಾನ್ಯದ ಕಡೆಯಿಂದ. ಬೆಳಿಗ್ಗೆ ಹೋಗುವಾಗ ಸ್ವಲ್ಪ ಎದುರು, ಆದರೆ ಬೆಳಗಿನ ಗಾಳಿ ಮೆದು. ಮಧ್ಯಾಹ್ನ ಬರುವಾಗ ಬೆನ್ನಿಗಿರುತ್ತದೆ.

ಹಾಗಿದ್ದರೂ ಏರು, ದಣಿವು ಸೇರಿಸಿ ವಾಪಸಿಗೆ ಕಿ.ಮೀ.ಗೆ 7 ಇಟ್ಟುಕೊಳ್ಳಿ. ಸಂಗಮ ಮುಟ್ಟಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬರುವಷ್ಟರಲ್ಲಿ 38 ಕಿ.ಮೀ. × 5 = 190. ಮೈಸೂರಿಗೆ 16 ಕಿ.ಮೀ. × 7 = 112. ಒಟ್ಟು 302. ಇರುವುದು 255. ಕರಿಘಟ್ಟಕ್ಕೆ ಹೋಗಿಬರಲು ಸುಮಾರು 10 ಕಿ.ಮೀ., ಜೊತೆಗೆ ಏರು: ಇನ್ನೊಂದು 75. ಆಗ 377.

ಸರಿದೂಗಿಸುವುದು ಹೀಗೆ. ಬೆಳಗೊಳದವರೆಗಿನ 12-13 ಕಿ.ಮೀ. ಮೋಟಾರ್ ಆಫ್. ಒಟ್ಟಾರೆ ಇಳಿಜಾರು, ಬೆಳಗಿನ ತಂಪು, ಗೇರ್ಡ್ ಹಬ್ ಒಳಗೆ ಫ್ರೀವೀಲ್ (ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್) ಇರುವುದರಿಂದ ಆಫ್ ಮಾಡಿದರೆ ಎಳೆತವೂ ಇಲ್ಲ. ಅಲ್ಲೇ 60 ಉಳಿಯಿತು. ಶ್ರೀರಂಗಪಟ್ಟಣದಲ್ಲಿ ಊಟದ ಹೊತ್ತಿಗೆ ಒಂದೂವರೆ ಗಂಟೆ ಚಾರ್ಜ್: 2 ಆಂಪ್ × 1.5 = 3 ಆಂಪ್-ಅವರ್, ಸುಮಾರು 110 ವಾಟ್-ಅವರ್. ಈಗ ಬೇಕಾದ್ದು 317, ಇರುವುದು 365. ಕರಿಘಟ್ಟವೂ ಆಯಿತು.

ಚಾರ್ಜ್ ಕೇಳುವಾಗ ಹೋಟೆಲಿನವರು ಹಿಂದೆಮುಂದೆ ನೋಡಿದರೆ ಹೇಳಿ: ಎಳೆಯುವುದು 100 ವಾಟ್, ಮಾಮೂಲಿ 5 ಆಂಪ್ ಸಾಕೆಟ್ ಸಾಕು, ಒಂದೂವರೆ ಗಂಟೆಗೆ ಕಾಲು ಯೂನಿಟ್ಟೂ ಆಗುವುದಿಲ್ಲ. 'ಗಾಡಿ ಚಾರ್ಜ್ ಮಾಡಬೇಕು' ಅಂತ ಕೇಳಿದರೆ ಸ್ಕೂಟರ್ ಅಂದುಕೊಂಡು ಬೇಡ ಅಂತಾರೆ. ಬ್ಯಾಟರಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ, ಎರಡೂವರೆ ಕೆ.ಜಿ. ಅಷ್ಟೇ. ಬಿಸಿಲಲ್ಲಿ ಬಂದ ತಕ್ಷಣ ಸಿಕ್ಕಿಸಬೇಡಿ, ಎಲೆ ಹಾಕಿ ಬಡಿಸುವಷ್ಟು ಹೊತ್ತು ನೆರಳಲ್ಲಿ ಆರಲಿ.

---

ನಾಲೆ_ಏರಿ:

ಲೆಕ್ಕ ಮೇಲಿನವರು ಹೇಳಿದ್ದು ಸರಿ. ದಾರಿಯ ಬಗ್ಗೆ ನಾನು ಹೇಳುತ್ತೇನೆ.

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಮೋಟಾರಿಲ್ಲದ ಗಾಡಿಗಳಿಗೂ ಅಷ್ಟೇ, ಅಂದರೆ ಸೈಕಲ್ಲಿಗೂ. ನಿಮ್ಮದು ಮೋಟಾರ್ ಇರುವ ಸೈಕಲ್ಲೋ ಇಲ್ಲದ ಬೈಕೋ ಅಂತ ವಾದ ಮಾಡಿ ಪ್ರಯೋಜನವಿಲ್ಲ, ಎರಡೂ ನಿಷೇಧದೊಳಗೇ ಬರುತ್ತವೆ. ವಾಪಸ್ ಬರುವಾಗ ಸರ್ವಿಸ್ ರಸ್ತೆ ಹಿಡಿಯಿರಿ: ನಗುವನಹಳ್ಳಿ, ಕಳಸ್ತವಾಡಿ, ಸಿದ್ದಲಿಂಗಪುರ. ಸರ್ವಿಸ್ ರಸ್ತೆ ತುಂಡಾದಂತೆ ಕಂಡ ಕಡೆ ಅವಸರಪಟ್ಟು ಮುಖ್ಯ ಪಥಕ್ಕೆ ಹತ್ತಬೇಡಿ, ಅಂಡರ್‌ಪಾಸ್ ದಾಟಿದರೆ ಆಚೆ ಬದಿಯಲ್ಲಿ ಮುಂದುವರಿಯುತ್ತದೆ. ಎದುರು ದಿಕ್ಕಿನಿಂದ ಬರುವ ಬೈಕುಗಳ ಮೇಲೆ ಕಣ್ಣಿರಲಿ, ಅಲ್ಲಿ ಅದು ಮಾಮೂಲು.

ಹೋಗುವಾಗ ಬೆಳಗೊಳ-ಪಾಲಹಳ್ಳಿ ಕಡೆಯದೇ ಚೆಂದ. ವಿರಿಜಾ ನಾಲೆಯ ಬಯಲು, ಭತ್ತ, ಕಬ್ಬು, ನಡುವೆ ತೆಂಗು. ನಾಲೆ ಏರಿಯ ಮೇಲೇ ಹೋಗುವ ಆಸೆಯಾದರೆ ಮಳೆ ನಿಂತು ವಾರವಾದರೂ ಆಗಿರಬೇಕು. ಇಲ್ಲಿಯ ಜೇಡಿ ಕೆಸರು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡರೆ ಚಕ್ರ ತಿರುಗುವುದೇ ಇಲ್ಲ, 24 ಕೆ.ಜಿ. ಸೈಕಲ್ ಹೊತ್ತು ನಡೆಯಬೇಕಾಗುತ್ತದೆ. ನಾಲೆ ಏರಿಗೆ ತಡೆಗೋಡೆ ಇರುವುದಿಲ್ಲ, ಟ್ರ್ಯಾಕ್ಟರ್ ಎದುರಾದರೆ ನೀರಿನ ಕಡೆ ಸರಿಯದೆ ಗದ್ದೆಯ ಕಡೆ ಇಳಿದು ನಿಲ್ಲಿ.

ಡಿಸೆಂಬರ್-ಜನವರಿ ಅಂದರೆ ಒಕ್ಕಣೆ ಕಾಲ. ಹಳ್ಳಿ ರಸ್ತೆಯ ತುಂಬ ರಾಗಿ ತೆನೆ, ಹುರುಳಿ ಬಳ್ಳಿ ಹರಡಿರುತ್ತಾರೆ, ಗಾಡಿ ಚಕ್ರ ಹತ್ತಿ ಕಾಳು ಉದುರಲಿ ಅಂತ. ಕಾರಿಗೆ ಏನೂ ಆಗುವುದಿಲ್ಲ, ಸೈಕಲ್ಲಿಗೆ ಎರಡು ತೊಂದರೆ. ಒಂದು, ಒಣಹುಲ್ಲಿನ ಮೇಲೆ ಮುಂದಿನ ಬ್ರೇಕು ಹಿಡಿದರೆ ನೇರ ನೆಲಕ್ಕೆ. ಎರಡು, ಹುರುಳಿ ಬಳ್ಳಿ ಹಿಂದಿನ ಹಬ್ಬಿಗೂ ಹೊರಗಿನ ಫ್ರೀವೀಲಿಗೂ (ಚೈನ್ ಕೂರುವ ಹಲ್ಲಿನ ಚಕ್ರಗಳು) ನಡುವೆ ಸುತ್ತಿಕೊಂಡು, ಆಕ್ಸಲ್ಲಿನಿಂದ ಹೊರಬರುವ ಮೋಟಾರ್ ಕೇಬಲನ್ನೇ ಎಳೆಯುತ್ತದೆ. ಥ್ರಾಟಲ್ ಬಿಟ್ಟು, ಅಸಿಸ್ಟ್ 0 ಮಾಡಿ, ನೇರವಾಗಿ ನಿಧಾನಕ್ಕೆ ದಾಟಿ. ಇಲ್ಲವೇ ಇಳಿದು ತಳ್ಳಿ. ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಅಂತ ಅವರ ಹತ್ತಿರ ಜಗಳಕ್ಕೆ ನಿಂತರೆ ಬಿಸಿಲೇರುತ್ತದೆ ಅಷ್ಟೇ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹತ್ತಿರ ಹೋಗಬೇಡಿ. ಅದು ತಿರುಗುವಾಗ ಹೊರಚಾಚಿದ ಜಲ್ಲೆ ಪೂರ್ತಿ ರಸ್ತೆ ಗುಡಿಸುತ್ತದೆ.

ರಂಗನತಿಟ್ಟಿಗೆ ಬೇಗ ತಲುಪಿದಷ್ಟೂ ಒಳ್ಳೆಯದು. 1940ರಲ್ಲೇ ಪಕ್ಷಿಧಾಮವಾದ ಜಾಗ, ಸಲೀಂ ಅಲಿ ಅವರ ಸಲಹೆಯ ಫಲ. 2022ರಲ್ಲಿ ರಾಮ್‌ಸರ್ ಪಟ್ಟಿಗೂ (ಜಾಗತಿಕ ಮಹತ್ವದ ಜೌಗು ನೆಲೆಗಳ ಪಟ್ಟಿ) ಸೇರಿತು. ಡಿಸೆಂಬರಿನಲ್ಲಿ ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ಸಿಗುತ್ತವೆ, ಬಂಡೆ ಮೇಲೆ ಬಿಸಿಲು ಕಾಯುವ ಮೊಸಳೆಯಂತೂ ಖಂಡಿತ. ಬಣ್ಣದ ಕೊಕ್ಕರೆಯ ಗೂಡುಗಳ ಗಲಾಟೆ ನೋಡಬೇಕು ಅಂದರೆ ಫೆಬ್ರವರಿ ನಂತರ ಇನ್ನೊಂದು ಸಲ ಬನ್ನಿ. ದೋಣಿ ನಂಬಿಕೊಂಡು ಮಳೆಗಾಲದಲ್ಲಿ ಹೋಗಬೇಡಿ, ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ನಿಲ್ಲಿಸುತ್ತಾರೆ. ಬಲಮುರಿಯಲ್ಲೂ ಅಷ್ಟೇ, ಕಟ್ಟೆಯ ಮೇಲೆ ಹರಿಯುವ ನೀರು ತೆಳುವಾಗಿ ಕಂಡರೂ ಪಾಚಿ ಜಾರುತ್ತದೆ. ಸೈಕಲ್ ತೊಳೆಯಲು ನೀರಿಗಿಳಿಸುವ ಜಾಣತನವಂತೂ ಬೇಡ.

ಪಟ್ಟಣದೊಳಗೆ ಗುಂಬಜ್, 1784ರ ದರಿಯಾ ದೌಲತ್, ಉತ್ತರದ ಕವಲಿನ ಮೇಲೆ 1804ರ ವೆಲ್ಲೆಸ್ಲಿ ಸೇತುವೆ, ಇವೆಲ್ಲ ನಾಲ್ಕೈದು ಕಿ.ಮೀ. ಒಳಗೇ. ಸೇತುವೆಯ ಕಲ್ಲಿನ ಕಂಬಗಳನ್ನು ನಿಧಾನಕ್ಕೆ ನೋಡಿ, ಅವಸರದ ಜಾಗವಲ್ಲ ಅದು. ಸಂಗಮದಲ್ಲಿ ಮರಳಿಗೆ ಸೈಕಲ್ ಇಳಿಸಬೇಡಿ, ಚೈನಿಗೆ ಹತ್ತಿದ ಮರಳು ಮನೆವರೆಗೂ ಕರಕರ ಅನ್ನುತ್ತದೆ.

---

ಬೆಲ್ಟ್_ಬ್ರೇಕ್:

ಇಷ್ಟೆಲ್ಲ ಲೆಕ್ಕ ಯಾಕೆ? ಬೆಳಿಗ್ಗೆ ಅಸಿಸ್ಟ್ 3 ಹಾಕಿ ಬೇಗ ಮುಗಿಸಿ. ಬ್ಯಾಟರಿ ಖಾಲಿಯಾದರೆ ಮಾಮೂಲಿ ಸೈಕಲ್ ಥರ ತುಳಿದುಕೊಂಡು ಬರುವುದು.

---

ಹಬ್_ಮೇಸ್ತ್ರಿ:

24 ಕೆ.ಜಿ. ಸೈಕಲನ್ನು 14-28 ಹಲ್ಲಿನ ಫ್ರೀವೀಲಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಏರಿನಲ್ಲಿ 'ಮಾಮೂಲಿ ಸೈಕಲ್ ಥರ' ತುಳಿಯುವುದು ಹೇಳಿದಷ್ಟು ಸುಲಭ ಅಲ್ಲ. ಬ್ಯಾಟರಿ ಉಳಿಸಬೇಕಾದದ್ದು ಅದಕ್ಕೇ.

ಕೊನೆಯ 15 ಶೇಕಡಾ ಯಾಕೆ ಮುಟ್ಟಬಾರದು ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಪ್ಯಾಕಿನಲ್ಲಿ 10 ಸೆಲ್ ಸಾಲಾಗಿವೆ. ತುಂಬಿದಾಗ 42 ವೋಲ್ಟ್. ಸುಮ್ಮನಿದ್ದಾಗ 36 ತೋರಿಸಿದರೆ ಉಳಿದಿರುವುದು ಮೂರನೇ ಒಂದು ಭಾಗದಷ್ಟು, ಅರ್ಧ ಅಲ್ಲ. 31ರ ಆಸುಪಾಸಿಗೆ ಕಂಟ್ರೋಲರೋ ಬಿಎಂಎಸ್ಸೋ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಕಟ್ ಮಾಡುತ್ತದೆ. ಏರಿನಲ್ಲಿ ಮೋಟಾರ್ 14 ಆಂಪ್ ಎಳೆದಾಗ ಹಳೆಯ ಪ್ಯಾಕಿನ ವೋಲ್ಟೇಜು ಎರಡೂವರೆ-ಮೂರು ವೋಲ್ಟ್ ಕುಸಿಯುತ್ತದೆ. ನಿಂತಾಗ 33.5 ಇದ್ದದ್ದು ಏರಿನಲ್ಲಿ 31 ಆಗಿ ಪಕ್ಕನೆ ಆಫ್. ಸಪಾಟಿನಲ್ಲಿ ಇನ್ನೂ ಆರೇಳು ಕಿ.ಮೀ. ಬರುತ್ತಿದ್ದ ಚಾರ್ಜು ಏರಿನಲ್ಲಿ ಲೆಕ್ಕಕ್ಕಿಲ್ಲ. ಹಾಗಾದರೆ ಐದು ನಿಮಿಷ ನಿಲ್ಲಿಸಿ, ಆನ್ ಮಾಡಿ, ಅಸಿಸ್ಟ್ 1ರಲ್ಲೇ ಹೋಗಿ. ಡಿಸ್‌ಪ್ಲೇಯ ಗೆರೆಗಳನ್ನು ನೋಡಬೇಡಿ, ಮೆನುವಿನಲ್ಲಿ ವೋಲ್ಟೇಜ್ ತೋರಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ.

ಕರಿಘಟ್ಟದ ಏರು. 250 ವಾಟ್ ಹಬ್ ಮೋಟಾರಿಗೆ ಗೇರ್ ಬದಲಿಸುವ ಸೌಕರ್ಯವಿಲ್ಲ, ನೀವು ಬದಲಿಸುವ 7 ಗೇರ್ ನಿಮ್ಮ ಕಾಲಿಗೆ ಮಾತ್ರ. ನಿಮ್ಮ ತೂಕಕ್ಕೆ 6 ಶೇಕಡಾ ಏರಿನಲ್ಲಿ 10 ಕಿ.ಮೀ. ವೇಗಕ್ಕೆ 190 ವಾಟ್ ಬೇಕು, 10 ಶೇಕಡಾ ಏರಿನಲ್ಲಿ 300. ವೇಗ 8ಕ್ಕಿಂತ ಕೆಳಗಿಳಿದರೆ ಹೋಗುವ ಕರೆಂಟಿನಲ್ಲಿ ಬಹುಪಾಲು ಶಾಖವಾಗಿ ಮೋಟಾರಿನೊಳಗೇ ಉಳಿಯುತ್ತದೆ. ಒಳಗಿನ ಪ್ಲಾನೆಟರಿ ಗೇರುಗಳು ನೈಲಾನ್, ಬಿಸಿಗೆ ಮೆತ್ತಗಾಗಿ ಹಲ್ಲು ಹಾರುತ್ತವೆ. ಹಾಲ್ ಸೆನ್ಸರೂ (ಮೋಟಾರ್ ಯಾವ ಸ್ಥಾನದಲ್ಲಿದೆ ಅಂತ ಕಂಟ್ರೋಲರಿಗೆ ತಿಳಿಸುವುದು) ಹೋಗಬಹುದು, ಆಗ ಮೋಟಾರ್ ಗಡಗಡ ನಡುಗುತ್ತದೆ, ತಿರುಗುವುದಿಲ್ಲ. ಆದ್ದರಿಂದ ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬಂದು, ನಿಮಿಷಕ್ಕೆ 70 ಸುತ್ತು ತುಳಿಯುತ್ತಾ, 10ಕ್ಕಿಂತ ಮೇಲಿರಿ. ಆಗುತ್ತಿಲ್ಲವಾ, ಇಳಿದು ತಳ್ಳಿ. ಹಬ್ ಮೇಲೆ ಅಂಗೈ ಇಟ್ಟು ಐದು ಸೆಕೆಂಡ್ ಹಿಡಿಯಲಾಗದಿದ್ದರೆ ಕಾಲು ಗಂಟೆ ನಿಲ್ಲಬೇಕು. ಬಿಸಿ ಹಬ್ಬಿಗೆ ನೀರು ಸುರಿಯುವವರಿದ್ದಾರೆ, ದಯವಿಟ್ಟು ಬೇಡ. ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಆಕ್ಸಲ್ ಸೀಲಿನಿಂದ ನೀರು ಒಳಗೆಳೆದುಕೊಳ್ಳುತ್ತದೆ.

ಪಂಕ್ಚರ್. ಮೊದಲ ಮಾತು: ಚಕ್ರ ಬಿಚ್ಚಬೇಡಿ. ಸೈಕಲ್ ಮಲಗಿಸಿ, ಮುಳ್ಳು ಇರುವ ಜಾಗ ಗೊತ್ತಾದರೆ ಟೈರಿನ ಒಂದು ಬದಿ ಮಾತ್ರ ಲಿವರ್ ಹಾಕಿ ಎಬ್ಬಿಸಿ, ಟ್ಯೂಬನ್ನು ಅಷ್ಟೇ ಹೊರಗೆಳೆದು ಪ್ಯಾಚ್ ಹಾಕಿ. ಇಲ್ಲಿಯ ಪಂಕ್ಚರ್ ಹತ್ತಕ್ಕೆ ಒಂಬತ್ತು ಜಾಲಿ ಮುಳ್ಳು. ಟೈರಿನ ಒಳಮೈಯಲ್ಲಿ ಬಟ್ಟೆ ಸವರಿ ನೋಡಿ, ಮುರಿದ ತುದಿ ಅಲ್ಲೇ ಉಳಿದಿರುತ್ತದೆ. ಅದನ್ನು ಕೀಳದೆ ಪ್ಯಾಚ್ ಹಾಕಿದರೆ ಅರ್ಧ ಕಿ.ಮೀ.ಗೆ ಮತ್ತೆ ಪುಸ್. ಟ್ಯೂಬಿಗೆ ಮೊದಲೇ 100-120 ಮಿ.ಲೀ. ಸೀಲಂಟ್ (ತೂತು ತಾನೇ ಮುಚ್ಚುವ ದ್ರವ) ಹಾಕಿದ್ದರೆ ಹೆಚ್ಚಿನ ಮುಳ್ಳು ಗೊತ್ತೇ ಆಗುವುದಿಲ್ಲ.

ಟ್ಯೂಬ್ ಹರಿದಿದ್ದರೆ ಮಾತ್ರ ಚಕ್ರ ತೆಗೆಯಿರಿ. ಬ್ಯಾಟರಿ ಆಫ್. ಚೈನ್‌ಸ್ಟೇ (ಪೆಡಲಿನಿಂದ ಹಿಂಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಮೇಲೆ ಕೇಬಲ್ ಕಟ್ಟಿದ ಜಿಪ್-ಟೈ ಕತ್ತರಿಸಿ, ದುಂಡನೆಯ ಕನೆಕ್ಟರನ್ನು ತಿರುಚದೆ ನೇರ ಎಳೆಯಿರಿ. ಆಕ್ಸಲ್ ನಟ್ಟು ಸಾಮಾನ್ಯವಾಗಿ 18 ಮಿ.ಮೀ., ಮನೆಯಲ್ಲೇ ಸ್ಪಾನರ್ ಹಾಕಿ ನೋಡಿಕೊಂಡು ಹೊರಡಿ. ನಟ್ಟಿನ ಹಿಂದೆ ಕೊಕ್ಕೆಯಂಥ ವಾಷರ್ ಇರುತ್ತದೆ. ಅದರ ಹಲ್ಲು ಫ್ರೇಮಿನ ಸೀಳಿನೊಳಗೆ ಕೂರಬೇಕು, ಆಕ್ಸಲ್ ತಿರುಗದಂತೆ ಹಿಡಿಯುವುದು ಅದೇ. ಬಿಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ವಾಷರ್ ಮರೆತು ಥ್ರಾಟಲ್ ಕೊಟ್ಟರೆ ಆಕ್ಸಲ್ಲೇ ಗಿರ್ರನೆ ತಿರುಗಿ ಕೇಬಲ್ ಕಿತ್ತು ಹೋಗುತ್ತದೆ, ಅಲ್ಲಿಗೆ ಮೋಟಾರ್ ಕಥೆ ಮುಗಿಯಿತು. ಕನೆಕ್ಟರ್ ಮೇಲಿನ ಎರಡು ಬಾಣದ ಗುರುತು ಎದುರು-ಬದುರು ಬರಿಸಿ ಕೊನೆವರೆಗೂ ಒತ್ತಿ. ನಟ್ಟನ್ನು 35-40 ನ್ಯೂಟನ್-ಮೀಟರ್ ಬಿಗಿ ಮಾಡಿ. ಗಾಳಿ 45 ಪಿಎಸ್‌ಐ.

ದಾರಿಯಲ್ಲಿ ಮೋಟಾರ್ ಸುಮ್ಮನಾದರೆ ಬ್ಯಾಟರಿ ಬೈಯುವ ಮೊದಲು ಎರಡು ಕಡೆ ನೋಡಿ. ಬ್ರೇಕ್ ಲಿವರಿನೊಳಗೆ ಕಟ್-ಆಫ್ ಸ್ವಿಚ್ಚಿದೆ. ಲಿವರ್ ಪೂರ್ತಿ ಹಿಂದಕ್ಕೆ ಬರದಿದ್ದರೆ, ಧೂಳು ಕೂತಿದ್ದರೂ ಸಾಕು, 'ಬ್ರೇಕ್ ಹಿಡಿದಿದ್ದಾರೆ' ಅಂತ ತಿಳಿದು ಮೋಟಾರ್ ಓಡುವುದಿಲ್ಲ. ಎರಡೂ ಲಿವರನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ನೋಡಿ. ಥ್ರಾಟಲ್ ಕೆಲಸ ಮಾಡುತ್ತಿದೆ, ತುಳಿದರೆ ಮಾತ್ರ ಇಲ್ಲ ಅಂದರೆ ಕ್ರ್ಯಾಂಕ್ ಹತ್ತಿರದ ಮ್ಯಾಗ್ನೆಟ್ ಬಳೆ ಜರುಗಿದೆ. ಸೆನ್ಸರಿಗೂ ಬಳೆಗೂ 2-3 ಮಿ.ಮೀ. ಅಂತರ ಬರುವಂತೆ ಸರಿಸಿ, ಕೆಸರು ಒರೆಸಿ.

---

ಒಂಟಿಕೊಪ್ಪಲ್_ಸವಾರಿ:

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಸ್ನೇಹಿತರ ಹತ್ತಿರ ಇದೇ ಥರದ 36 ವೋಲ್ಟ್ ಇನ್ನೊಂದು ಬ್ಯಾಟರಿ ಇದೆ. ಎರಡನ್ನೂ ವೈ-ಕೇಬಲ್ (ಎರಡು ಬ್ಯಾಟರಿಯನ್ನು ಒಂದೇ ಪ್ಲಗ್ಗಿಗೆ ಸೇರಿಸುವ ಕವಲು ತಂತಿ) ಹಾಕಿ ಸೇರಿಸಿದರೆ ಚಾರ್ಜ್ ಚಿಂತೆಯೇ ಇರುವುದಿಲ್ಲವಲ್ಲ? ಹಾಗೆ ಮಾಡಿ ಚಾಮುಂಡಿ ಬೆಟ್ಟಕ್ಕೂ ಇದೇ ಸೈಕಲ್ ಹತ್ತಿಸಬಹುದಾ?

---

ವಾಟ್_ಲೆಕ್ಕ:

ಸೇರಿಸಬೇಡಿ. ಒಂದು 41 ವೋಲ್ಟ್, ಇನ್ನೊಂದು 37 ಇದ್ದು ನೇರ ಜೋಡಿಸಿದರೆ ತುಂಬಿದ್ದರಿಂದ ಖಾಲಿಯದಕ್ಕೆ ಹತ್ತಾರು ಆಂಪ್ ಒಮ್ಮೆಲೇ ನುಗ್ಗುತ್ತದೆ. ಕನೆಕ್ಟರ್ ಕರಗುವುದು ಅದರಲ್ಲಿ ಚಿಕ್ಕ ಅಪಾಯ, ದೊಡ್ಡದು ಬೆಂಕಿ. ಎರಡನೆಯದನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ, ಮೊದಲನೆಯದು 34.5ಕ್ಕೆ ಬಂದಾಗ ಆಫ್ ಮಾಡಿ ಬದಲಿಸಿ. ಪ್ಲಗ್ಗಿನ ಪ್ಲಸ್-ಮೈನಸ್ ಒಂದೇ ಕಡೆ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ಮನೆಯಲ್ಲೇ ನೋಡಿಕೊಳ್ಳಿ. ಪ್ಲಗ್ ಆಕಾರ ಒಂದೇ ಇದ್ದು ತಂತಿ ಅದಲುಬದಲಾಗಿರುವ ಪ್ಯಾಕುಗಳುಂಟು. ಬ್ಯಾಗಿನಲ್ಲಿ ಅದರ ಬಾಯಿಗೆ ಟೇಪ್ ಸುತ್ತಿ, ಸ್ಪಾನರ್ ಜೊತೆ ಒಂದೇ ಜೇಬಿಗೆ ಹಾಕಬೇಡಿ.

ಚಾಮುಂಡಿ ಬೆಟ್ಟ ಬ್ಯಾಟರಿಯ ಪ್ರಶ್ನೆಯೇ ಅಲ್ಲ. ಬುಡದಿಂದ ಸುಮಾರು 280 ಮೀ. ಏರು, 102 ಕೆ.ಜಿ.ಗೆ 78 ವಾಟ್-ಅವರ್. ಅರ್ಧ ಭಾರ ನಿಮ್ಮದಾದರೆ ಬ್ಯಾಟರಿಯಿಂದ 55-60 ಹೋದೀತು. ಒಂದೇ ಪ್ಯಾಕಿನಲ್ಲಿ ಸಲೀಸು. ಅಲ್ಲಿ ಗಮನ ಬೇಕಾಗಿರುವುದು ಇಳಿಯುವಾಗ. ಗೇರ್ಡ್ ಹಬ್ಬಿನಲ್ಲಿ ಮೋಟಾರ್ ಬ್ರೇಕು ಇಲ್ಲ, ಚಾರ್ಜ್ ವಾಪಸ್ ಬರುವುದೂ ಇಲ್ಲ, ಅಷ್ಟೂ ತೂಕ ಎರಡು ಡಿಸ್ಕ್ ಮೇಲೆ. ಹೊರಡುವ ಮೊದಲು ಪ್ಯಾಡ್ ಕನಿಷ್ಠ 1 ಮಿ.ಮೀ. ಇರಲಿ. ಲಿವರ್ ಹ್ಯಾಂಡಲ್ಲಿಗೆ ತಾಗುತ್ತಿದ್ದರೆ ಕೇಬಲ್ ಎಳೆದು ಬಿಗಿ ಮಾಡಿ. ಇಳಿಯುವಾಗ ಒತ್ತಿ ಹಿಡಿದೇ ಇರಬೇಡಿ. ತಿರುವಿಗೆ ಮೊದಲು ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ನೇರ ರಸ್ತೆಯಲ್ಲಿ ಪೂರ್ತಿ ಬಿಡಿ, ಡಿಸ್ಕ್ ಆರಲಿ. ಸುಟ್ಟ ವಾಸನೆ ಬಂದರೆ ದೊಡ್ಡ ನಂದಿ ಹತ್ತಿರ ನಿಲ್ಲಿ, ಹೇಗೂ ನಿಲ್ಲುವ ಜಾಗವೇ ಅದು. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನ ಬಿಡುವುದಿಲ್ಲ, ಆ ದಿನ ಯೋಚನೆ ಬೇಡ.

ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಡಿಸ್‌ಪ್ಲೇಯಲ್ಲಿ 25 ಕಿ.ಮೀ. ಮಿತಿ ತೆಗೆಯಬೇಡಿ. ಮೋಟಾರ್ ಬಲ 250 ವಾಟ್ ಮೀರದೆ, ಸಹಾಯ 25ಕ್ಕೆ ನಿಂತರೆ ಮಾತ್ರ ಅದಕ್ಕೆ ನೋಂದಣಿ, ಲೈಸೆನ್ಸ್ ಬೇಡ. ಮಿತಿ ತೆಗೆದರೆ ಅದು ನೋಂದಣಿಯಿಲ್ಲದ ಮೋಟಾರ್ ವಾಹನ. 32ಕ್ಕೆ ಓಡಿಸಿದರೆ ಮೇಲೆ ಹಾಕಿಕೊಟ್ಟ ಲೆಕ್ಕವೂ ಹೊಂದುವುದಿಲ್ಲ.

---

ಹಬ್_ಮೇಸ್ತ್ರಿ:

ಬಿಟ್ಟುಹೋದದ್ದು: ಹೊಸದಾಗಿ ಕೊಂಡ ಹಬ್ ಚಕ್ರದ ಕಡ್ಡಿಗಳು ಮೊದಲ 200-300 ಕಿ.ಮೀ. ಒಳಗೆ ಸಡಿಲವಾಗುತ್ತವೆ, ಆಮೇಲೂ ಆಗಾಗ. ಹಿಂದಿನ ದಿನ ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿ ನೋಡಿ, ಒಂದು ಮೆತ್ತಗಿದ್ದರೆ ಕಾಲು ಸುತ್ತು ಬಿಗಿ ಮಾಡಿ. ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಹಸಿರು ದೀಪ ಬಂದ ಮೇಲೂ ಅರ್ಧ ಗಂಟೆ ಬಿಡಿ, ಸೆಲ್‌ಗಳು ಸಮ ಆಗುವುದು ಆಗಲೇ. ವಾಪಸ್ ಬಂದ ರಾತ್ರಿ ಖಾಲಿ ಪ್ಯಾಕನ್ನು ಹಾಗೇ ಮೂಲೆಗಿಡಬೇಡಿ, ಆರಿದ ಮೇಲೆ 37-38 ವೋಲ್ಟಿಗೆ ತಂದು ಕಿತ್ತಿಡಿ. 2 ಆಂಪ್ ಚಾರ್ಜರಿನಲ್ಲಿ ಎರಡು ಗಂಟೆಯ ಕೆಲಸ.